ಆಕ್ಷೇಪಣೆಗೆ 60 ದಿನ

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳಿಗೂ ಹೆಸರು ಬದಲಾವಣೆಯ ಜಾಹೀರಾತುಗಳಿಗೂ ನಡುವೆ, ಸಣ್ಣ ಅಕ್ಷರದ ಒಂದು ಚೌಕ ಆಗಾಗ ಕಾಣಿಸುತ್ತದೆ. ಇಂತಿಂಥ ಗ್ರಾಮದ ಇಂತಿಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸುವಂತೆ ಕೋರಿಕೆ ಬಂದಿದೆ, ಆಕ್ಷೇಪಣೆ ಇರುವವರು ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಬೇಕು, ತಪ್ಪಿದಲ್ಲಿ ಯಾರ ಆಕ್ಷೇಪಣೆಯೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು ಎಂಬ ಒಕ್ಕಣೆ ಅದರಲ್ಲಿರುತ್ತದೆ. ಬಹುಪಾಲು ಓದುಗರು ಪುಟ ತಿರುಗಿಸುತ್ತಾರೆ. ನಾನು ಮಾತ್ರ ಅದನ್ನೇ ಮೊದಲು ಓದುತ್ತೇನೆ. ದಾವಣಗೆರೆಯಲ್ಲಿ ಬಡಾವಣೆಗಳ ನಕ್ಷೆ ತಯಾರಿಸಿ ಅನುಮೋದನೆಗೆ ಸಲ್ಲಿಸಿಕೊಡುವುದು ನನ್ನ ವೃತ್ತಿಯಾದ್ದರಿಂದ ಆ ಚೌಕದ ಹಿಂದಿನ ಕಡತ ಹೇಗೆ ಸಾಗುತ್ತದೆ ಎಂಬುದು ನನಗೆ ಸ್ವಲ್ಪ ಗೊತ್ತು. ಅದೇ ಕಾರಣಕ್ಕೆ ಪರಿಚಯದವರು ಆಗಾಗ ಕೇಳುವ ಪ್ರಶ್ನೆ, "ನಾವು ಬರೆದು ಕೊಟ್ಟರೆ ಏನಾದರೂ ಆಗುತ್ತದೆಯೇ?" ಎಂಬುದು. ಆಗುತ್ತದೆ, ಆದರೆ ಯಾವಾಗ ಬರೆದದ್ದು, ಏನನ್ನು ಬರೆದದ್ದು ಎಂಬುದನ್ನು ಅವಲಂಬಿಸಿ ಆಗುತ್ತದೆ. ಈ ಉತ್ತರವನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಯೋಜನೆಗಳನ್ನು ತೂಗಿ ನೋಡುವ ಸಂಸ್ಥೆ ಎಂದೊಡನೆ ನನ್ನ ತಲೆಮಾರಿನವರಿಗೆ ನೆನಪಾಗುವುದು ದೆಹಲಿಯ ಯೋಜನಾ ಆಯೋಗ. 1950ರ ಮಾರ್ಚ್ 15ರಂದು ಕೇಂದ್ರ ಸಚಿವ ಸಂಪುಟದ ಒಂದು ನಿರ್ಣಯದಿಂದ ಹುಟ್ಟಿ, 2015ರ ಜನವರಿ 1ರಂದು ನೀತಿ ಆಯೋಗಕ್ಕೆ ಜಾಗ ಬಿಟ್ಟುಕೊಟ್ಟ ಆ ಸಂಸ್ಥೆಗೆ ಸಂವಿಧಾನದಲ್ಲಾಗಲಿ ಕಾಯ್ದೆಯಲ್ಲಾಗಲಿ ನೆಲೆ ಇರಲಿಲ್ಲ. ರಾಜ್ಯಗಳ ಯೋಜನೆಗಳನ್ನು ಅದು ಪರಿಶೀಲಿಸುತ್ತಿತ್ತಾದರೂ, ಹರಿಹರದ ರೈತನೊಬ್ಬ ಅದರ ಮುಂದೆ ಅರ್ಜಿ ಹಿಡಿದು ನಿಲ್ಲುವುದಕ್ಕೆ ದಾರಿ ಇರಲಿಲ್ಲ. ಆ ದಾರಿಯನ್ನು ಜಿಲ್ಲೆಯ ಮಟ್ಟದಲ್ಲಿ ತೆರೆಯುವ ಪ್ರಯತ್ನ ನಡೆದದ್ದು 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಮೂಲಕ. ಪಂಚಾಯಿತಿಗಳೂ ನಗರಸಭೆಗಳೂ ತಯಾರಿಸಿದ ಯೋಜನೆಗಳನ್ನು ಒಗ್ಗೂಡಿಸಿ ಇಡೀ ಜಿಲ್ಲೆಗೆ ಒಂದು ಕರಡು ಅಭಿವೃದ್ಧಿ ಯೋಜನೆ ರೂಪಿಸಲು ಜಿಲ್ಲಾ ಯೋಜನಾ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಐದನೇ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತ ಪ್ರತಿನಿಧಿಗಳಿಂದಲೇ ಆಯ್ಕೆಯಾಗಿರಬೇಕು ಎಂದು 243ಝಡ್‌ಡಿ ವಿಧಿ ಹೇಳುತ್ತದೆ. ಆದರೆ ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರೇ ಇಲ್ಲದ ಜಿಲ್ಲೆಯಲ್ಲಿ ಚುನಾಯಿತರ ಸಮಿತಿ ಎಷ್ಟರಮಟ್ಟಿಗೆ ಬದುಕಿರಲು ಸಾಧ್ಯ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯ ಮುಂದಿನ ರಸ್ತೆ ಎಷ್ಟು ಅಡಿ ಅಗಲವಾಗಬೇಕು, ಪಕ್ಕದ ಗದ್ದೆ ಗದ್ದೆಯಾಗಿಯೇ ಉಳಿಯಬೇಕೋ ಸೈಟುಗಳಾಗಬೇಕೋ, ಕಾರ್ಖಾನೆಗೆ ಎಲ್ಲಿ ಜಾಗ, ಮೈದಾನಕ್ಕೆ ಎಲ್ಲಿ ಜಾಗ ಎಂಬುದನ್ನೆಲ್ಲ ಗೊತ್ತುಪಡಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಕೆಲಸ ಮಾಡುವ ಯೋಜನಾ ಪ್ರಾಧಿಕಾರ. ನಮ್ಮಲ್ಲಿ ದಾವಣಗೆರೆ ಮತ್ತು ಹರಿಹರ ಎರಡೂ ನಗರಗಳಿಗೆ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ, ಜನರ ಬಾಯಲ್ಲಿ ಅದು ದೂಡಾ. ಚಿತ್ರದುರ್ಗಕ್ಕೆ ಅದರದ್ದೇ ಪ್ರಾಧಿಕಾರವಿದೆ. ಸರ್ಕಾರ ನೇಮಿಸುವ ಅಧ್ಯಕ್ಷರು, ಆ ಪ್ರದೇಶದ ಶಾಸಕರು, ಸ್ಥಳೀಯ ಸಂಸ್ಥೆ ಹಾಗೂ ಇಲಾಖೆಗಳ ಕಡೆಯವರು ಇಂಥ ಪ್ರಾಧಿಕಾರದಲ್ಲಿ ಕೂರುತ್ತಾರೆ. ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. 1961ರ ಕಾಯ್ದೆಯ ಪ್ರಕಾರ ಎಲ್ಲರ ಯೋಜನೆಗಳನ್ನು ತೂಗಿ ನೋಡುವ ಸಂಸ್ಥೆಯೇ, 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ತಾನೇ ಜಮೀನು ಪಡೆದು ಬಡಾವಣೆ ಮಾಡಿ ನಿವೇಶನ ಹಂಚುವ ಸಂಸ್ಥೆಯೂ ಆಗಿದೆ. ಪರಿಶೀಲಿಸುವವರೂ ಪರಿಶೀಲನೆಗೆ ಒಳಗಾಗುವವರೂ ಒಂದೇ ಸೂರಿನಡಿ ಇರುವಾಗ ಹೊರಗಿನವರ ಕಣ್ಣು ಹೆಚ್ಚು ಬೇಕಾಗುತ್ತದೆ. ಸಾರ್ವಜನಿಕ ಆಕ್ಷೇಪಣೆಯನ್ನು ನಾನು ಗಂಭೀರವಾಗಿ ಕಾಣುವುದಕ್ಕೆ ಇದೇ ಮೊದಲ ಕಾರಣ.

ಪ್ರಾಧಿಕಾರದ ಎಲ್ಲ ತೀರ್ಮಾನಗಳಿಗೂ ತಾಯಿಬೇರು ಮಾಸ್ಟರ್ ಪ್ಲಾನ್, ಅಂದರೆ ಮಹಾಯೋಜನೆ. ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂದು ಭೂಮಿಗೆ ಬಣ್ಣ ಹಚ್ಚಿ, ರಸ್ತೆಗಳ ಜಾಲವನ್ನು ಎಳೆದು, ಉದ್ಯಾನಕ್ಕೂ ಮೈದಾನಕ್ಕೂ ಸಾರ್ವಜನಿಕ ಕಟ್ಟಡಗಳಿಗೂ ಜಾಗ ಗುರುತಿಸುವ ದಾಖಲೆ ಅದು. ಅದನ್ನು ತಯಾರಿಸುವ ಉದ್ದೇಶವನ್ನು ಪ್ರಾಧಿಕಾರ ಮೊದಲು ಘೋಷಿಸಬೇಕು. ಆಗ ಜನರಿಗೆ ನೋಡಸಿಗುವುದು ಯೋಜನೆಗೆ ಒಳಪಡುವ ಪ್ರದೇಶದ ಎಲ್ಲೆಯನ್ನು ತೋರಿಸುವ ನಕ್ಷೆ ಮಾತ್ರ. ಒಳಗೆ ಏನು ಬರಲಿದೆ ಎಂಬುದು ಆಗ ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಆ ಹಂತದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಮೇಲೆ ಸರ್ವೆ ನಡೆಯುತ್ತದೆ, ಕರಡು ಸಿದ್ಧವಾಗುತ್ತದೆ.

ಮುಂದಿನ ಹೆಜ್ಜೆಗಳ ಅನುಕ್ರಮವನ್ನು 1961ರ ಕಾಯ್ದೆಯ 13ನೇ ಕಲಂನಲ್ಲಿ ನಿಧಾನವಾಗಿ ಓದಬೇಕು. ಪ್ರಾಧಿಕಾರ ಸಿದ್ಧಪಡಿಸಿದ ಕರಡು ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶಕರ ಮೂಲಕ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಸರ್ಕಾರ ತನಗೆ ಸರಿ ಎನಿಸಿದ ಅಥವಾ ನಿರ್ದೇಶಕರು ಸೂಚಿಸಿದ ಮಾರ್ಪಾಡುಗಳನ್ನು ಮಾಡಿ ಅದನ್ನು ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿ ಬಂದ ಮೇಲೆ ಪ್ರಾಧಿಕಾರ ಅದನ್ನು ಪ್ರಕಟಿಸಿ, 60 ದಿನಗಳ ಒಳಗೆ ಅಭಿಪ್ರಾಯ ತಿಳಿಸುವಂತೆ ಸಾರ್ವಜನಿಕರನ್ನು ಕೇಳುತ್ತದೆ. ಬಂದ ಅಭಿಪ್ರಾಯಗಳನ್ನು ಪರಿಗಣಿಸಿ, ಅಗತ್ಯವೆನಿಸಿದ ತಿದ್ದುಪಡಿಗಳ ಶಿಫಾರಸಿನೊಂದಿಗೆ ಮತ್ತೊಮ್ಮೆ ಸರ್ಕಾರಕ್ಕೆ ಕಳುಹಿಸುತ್ತದೆ. ಸರ್ಕಾರ ನಿರ್ದೇಶಕರೊಡನೆ ಸಮಾಲೋಚಿಸಿ ಅಂತಿಮ ಒಪ್ಪಿಗೆ ಕೊಡುತ್ತದೆ. ಅಂದರೆ ಊರಿನವರ ಸರದಿ ಬರುವ ಹೊತ್ತಿಗೆ ಸರ್ಕಾರ ಒಂದು ಸುತ್ತು ಆ ನಕ್ಷೆಯನ್ನು ನೋಡಿ, ತಿದ್ದಿ, ಒಪ್ಪಿಯಾಗಿರುತ್ತದೆ. ಲಗ್ನಪತ್ರಿಕೆ ಅಚ್ಚಾದ ಮೇಲೆ ಹುಡುಗಿಯನ್ನು ಕರೆದು "ನಿನಗೆ ಒಪ್ಪಿಗೆಯೇನಮ್ಮಾ?" ಎಂದು ಕೇಳುವ ಕ್ರಮವಿದು. ಬೇಡವೆನ್ನಲು ಆಕೆಗೆ ಹಕ್ಕಿದೆ, ಆದರೆ ಆ ಹೊತ್ತಿಗೆ ಎಲ್ಲರ ಮನಸ್ಸೂ ಒಂದು ಕಡೆ ವಾಲಿರುತ್ತದೆ. ಕಾಯ್ದೆ ರಚಿಸಿದವರ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬರೀ ಊಹೆಯ ಮೇಲೆ ಚರ್ಚೆ ನಡೆಯುವುದಕ್ಕಿಂತ ಒಂದು ಗಟ್ಟಿ ಕರಡು ಮುಂದಿದ್ದರೆ ಮಾತು ನಿಖರವಾಗುತ್ತದೆ ಎಂಬ ವಾದವೂ ಸರಿಯೇ. ಆದರೆ ಕರಡು ಗಟ್ಟಿಯಾದಷ್ಟೂ ಅದನ್ನು ಅಲುಗಿಸಲು ಬೇಕಾದ ಪುರಾವೆಯೂ ಗಟ್ಟಿಯಾಗಿರಬೇಕಾಗುತ್ತದೆ, ಮತ್ತು ಆ ಹೊರೆ ಪೂರ್ತಿಯಾಗಿ ಆಕ್ಷೇಪಿಸುವವರ ಮೇಲೆ ಬೀಳುತ್ತದೆ.

ಹಾಗಾದರೆ ಯಾವ ಬಗೆಯ ಆಕ್ಷೇಪಣೆಗೆ ಬೆಲೆ? ನೂರಾರು ಸಹಿಗಳಿರುವ, "ಈ ಯೋಜನೆ ಜನವಿರೋಧಿಯಾಗಿದ್ದು ಕೂಡಲೇ ಕೈಬಿಡಬೇಕು" ಎನ್ನುವ ಮನವಿಪತ್ರಕ್ಕೆ ಸಭೆಯಲ್ಲಿ ಒಂದೇ ಸಾಲಿನ ಷರಾ ಬೀಳುತ್ತದೆ. ಏಕೆಂದರೆ ಅದರಲ್ಲಿ ಪರಿಶೀಲಿಸುವುದಕ್ಕೆ ಏನೂ ಇರುವುದಿಲ್ಲ. ದಾವಣಗೆರೆಯ ಸುತ್ತಲಿನ ಭೂಮಿಯನ್ನು ಬಲ್ಲವರಿಗೆ ಇನ್ನೊಂದು ಬಗೆಯ ಆಕ್ಷೇಪಣೆ ಸುಲಭವಾಗಿ ಅರ್ಥವಾಗುತ್ತದೆ. ನಗರದ ಅಂಚಿನ ಬಹಳಷ್ಟು ಭೂಮಿ ಭದ್ರಾ ಅಚ್ಚುಕಟ್ಟಿಗೆ ಸೇರಿದ ಭತ್ತದ ಗದ್ದೆ. ನಾಲೆಯಿಂದ ಉಪನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ನೀರು ಇಳಿದು ಬರುತ್ತದೆ. ಮೇಲಿನ ನಾಲ್ಕು ಎಕರೆ ಬಡಾವಣೆಯಾದರೆ ಕೆಳಗಿನ ಹತ್ತು ಎಕರೆಯ ಹೊಲಗಾಲುವೆ ರಸ್ತೆಯಡಿ ಮುಚ್ಚಿಹೋಗುತ್ತದೆ. ಕೊನೆಯ ಭಾಗಕ್ಕೆ ನೀರು ತಲುಪಲಿಲ್ಲ ಎಂಬ ದೂರು ನಮ್ಮಲ್ಲಿ ಹಳೆಯದು, ಅದರಲ್ಲಿ ಒಂದಷ್ಟು ಪಾಲು ಹೀಗೆ ಕಾಣದಂತೆ ಕತ್ತರಿಸಿದ ಕಾಲುವೆಗಳದ್ದು. ಇಂಥ ಸಂದರ್ಭದಲ್ಲಿ ಕೆಳಗಿನ ಜಮೀನಿನ ರೈತನು, ತನ್ನ ಸರ್ವೆ ನಂಬರು ಇಂಥದ್ದು, ನೀರು ಬರುವ ಹೊಲಗಾಲುವೆ ಪ್ರಸ್ತಾವಿತ ಸರ್ವೆ ನಂಬರಿನ ಪೂರ್ವದ ಬದುವಿನಲ್ಲಿ ಹಾದುಹೋಗುತ್ತದೆ, ಗ್ರಾಮ ನಕ್ಷೆಯಲ್ಲಿ ಅದು ಹೀಗೆ ದಾಖಲಾಗಿದೆ, ವಲಯ ಬದಲಾಯಿಸುವುದಾದರೆ ಈ ಕಾಲುವೆಯನ್ನು ತೆರೆದೇ ಉಳಿಸುವ ಷರತ್ತು ಹಾಕಬೇಕು ಎಂದು ಒಂದು ಪುಟ ಬರೆದು, ಪಹಣಿ ಮತ್ತು ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ ಕೊಟ್ಟರೆ, ಅದಕ್ಕೆ ಉತ್ತರಿಸದೆ ಮುಂದೆ ಹೋಗುವುದು ಯಾವ ಅಧಿಕಾರಿಗೂ ಕಷ್ಟ. ನೀರಾವರಿ ಇಲಾಖೆಯ ಅಭಿಪ್ರಾಯವನ್ನು ಕೇಳಲೇಬೇಕಾಗುತ್ತದೆ, ಸ್ಥಳ ತನಿಖೆ ಆಗಲೇಬೇಕಾಗುತ್ತದೆ. ಹಳ್ಳ, ಬಂಡಿದಾರಿ, ಬಿ-ಖರಾಬು (ಸಾಗುವಳಿಗೆ ಸೇರದೆ ಸಾರ್ವಜನಿಕ ಬಳಕೆಗೆ ಬಿಟ್ಟ) ಜಮೀನುಗಳ ವಿಷಯವೂ ಹಾಗೆಯೇ. ಬಣ್ಣದ ನಕ್ಷೆಯಲ್ಲಿ ಕಾಣದ ಹಳ್ಳ ಹಳೆಯ ಗ್ರಾಮ ನಕ್ಷೆಯಲ್ಲಿ ಕಾಣುತ್ತದೆ, ಮತ್ತು ಅದನ್ನು ತೋರಿಸಿಕೊಡುವವರು ಆ ಊರಿನವರೇ ಆಗಿರುತ್ತಾರೆ.

ಇನ್ನೊಂದು ಸಂಗತಿಯನ್ನು ನಕ್ಷೆ ನೋಡಲು ಹೋದವರು ಸಾಮಾನ್ಯವಾಗಿ ಮರೆಯುತ್ತಾರೆ. ಖಾಸಗಿ ಜಮೀನಿನ ಮೇಲೆ ಹಸಿರು ಬಣ್ಣ ಹಚ್ಚಿ ಉದ್ಯಾನ ಎಂದು ಬರೆದ ಮಾತ್ರಕ್ಕೆ ಅಲ್ಲಿ ಉದ್ಯಾನ ಬರುವುದಿಲ್ಲ. ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಜಮೀನನ್ನು ಐದು ವರ್ಷಗಳ ಅವಧಿಯಲ್ಲಿ ಪಡೆದುಕೊಳ್ಳದಿದ್ದರೆ ಆ ಗುರುತೇ ಬಿದ್ದುಹೋಗುತ್ತದೆ ಎಂದು ಕಾಯ್ದೆಯ 69ನೇ ಕಲಂ ಹೇಳುತ್ತದೆ. ಆದ್ದರಿಂದ "ನಮ್ಮ ಬಡಾವಣೆಗೆ ಉದ್ಯಾನ ತೋರಿಸಿದ್ದಾರೆ" ಎಂದು ಸಮಾಧಾನಪಟ್ಟು ಬರುವ ಬದಲು, ಅದನ್ನು ಕೊಳ್ಳುವ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂದು ಅದೇ 60 ದಿನಗಳಲ್ಲಿ ಬರೆದು ಕೇಳುವುದು ಮೇಲು.

ಮಹಾಯೋಜನೆ ಜಾರಿಯಾದ ಮೇಲೆ ಬಿಡಿ ಯೋಜನೆಗಳ ಪರಿಶೀಲನೆ ಆರಂಭವಾಗುತ್ತದೆ. ಇಲ್ಲಿ ಸಾರ್ವಜನಿಕರ ಸ್ಥಾನ ಏಕರೂಪವಾಗಿಲ್ಲ. ನನ್ನ ಕೈಯಲ್ಲಿ ಹಾದುಹೋಗುವ ಸಾಮಾನ್ಯ ಬಡಾವಣೆಯನ್ನೇ ತೆಗೆದುಕೊಳ್ಳಿ. ಭೂಪರಿವರ್ತನೆಯ ಆದೇಶ, ಪಹಣಿ, ಸರ್ವೆ ನಕ್ಷೆಗಳೊಂದಿಗೆ ಅರ್ಜಿ ಸಲ್ಲಿಕೆಯಾಗುತ್ತದೆ. ನಗರ ಯೋಜಕರು ಸ್ಥಳ ನೋಡಿ, ರಸ್ತೆಯ ಅಗಲ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗಗಳ ಪ್ರಮಾಣ, ಪಕ್ಕದ ಬಡಾವಣೆಯ ರಸ್ತೆಗೆ ಇದು ಸೇರುತ್ತದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುತ್ತಾರೆ. ವಿದ್ಯುತ್ ಪೂರೈಸುವ ಬೆಸ್ಕಾಂನಿಂದಲೂ ನೀರು ಮತ್ತು ಒಳಚರಂಡಿಯ ಕಡೆಯಿಂದಲೂ ಒಪ್ಪಿಗೆ ಪತ್ರಗಳು ಬರಬೇಕು. ರಸ್ತೆ, ಚರಂಡಿ, ವಿದ್ಯುತ್ ಕಾಮಗಾರಿ ಮುಗಿಸಿ, ರಸ್ತೆಗಳನ್ನೂ ಉದ್ಯಾನವನ್ನೂ ಪ್ರಾಧಿಕಾರದ ವಶಕ್ಕೆ ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಬೇಕು, ನಿವೇಶನಗಳ ಬಿಡುಗಡೆ ಆಮೇಲಿನ ಮಾತು. ಈ ಇಡೀ ಪ್ರಕ್ರಿಯೆಯಲ್ಲಿ ಸಾರ್ವಜನಿಕ ಆಕ್ಷೇಪಣೆಯ ಹಂತ ಎಂಬುದಿಲ್ಲ. ವಲಯ ಮಹಾಯೋಜನೆಯಲ್ಲಿಯೇ ವಸತಿ ಎಂದು ನಿಗದಿಯಾಗಿದ್ದರೆ, ಪಕ್ಕದ ಗದ್ದೆಯವರಿಗೆ ಸುದ್ದಿ ತಿಳಿಯುವುದು ಜೆಸಿಬಿ ಬಂದ ದಿನ. ಮಹಾಯೋಜನೆಯ 60 ದಿನಗಳನ್ನು ಕೈಬಿಟ್ಟವರಿಗೆ ಮುಂದೆ ಮಾತನಾಡಲು ಅವಕಾಶ ಬಹಳ ಕಡಿಮೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಂದೇ ಸಮಾಧಾನವೆಂದರೆ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ದೆಸೆಯಿಂದ 500 ಚದರ ಮೀಟರಿಗಿಂತ ದೊಡ್ಡದಾದ ಯೋಜನೆಗಳು ನಿವೇಶನ ಮಾರುವುದಕ್ಕೆ ಮೊದಲೇ ನೋಂದಣಿಯಾಗಬೇಕಾಗಿದ್ದು, ಅನುಮೋದಿತ ನಕ್ಷೆಯನ್ನು ಯಾರು ಬೇಕಾದರೂ ಮನೆಯಿಂದಲೇ ನೋಡಬಹುದು.

ಮಹಾಯೋಜನೆಯಲ್ಲಿ ನಿಗದಿಯಾದ ಉಪಯೋಗವನ್ನು ಬದಲಾಯಿಸುವುದಾದರೆ ಮಾತ್ರ ಬಾಗಿಲು ಮತ್ತೆ ತೆರೆಯುತ್ತದೆ. 14ಎ ಕಲಂ ಪ್ರಕಾರ ಅಂಥ ಬದಲಾವಣೆಗೆ ಸರ್ಕಾರದ ಪೂರ್ವಾನುಮತಿ ಬೇಕು, ಅದು ಸಾರ್ವಜನಿಕ ಹಿತಾಸಕ್ತಿಯಿಂದ ಕೂಡಿರಬೇಕು, ಮತ್ತು ಪ್ರಸ್ತಾವವನ್ನು ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು. ನಾನು ಮೊದಲು ಹೇಳಿದ ಸಣ್ಣಕ್ಷರದ ಚೌಕಕ್ಕೆ ಮೂಲ ಇದು. ನನ್ನ ದೃಷ್ಟಿಯಲ್ಲಿ ಈ ಕಲಂನ ಜೀವಾಳವಿರುವುದು ಸಾರ್ವಜನಿಕ ಹಿತಾಸಕ್ತಿ ಎಂಬ ಷರತ್ತಿನಲ್ಲಿ. ಅರ್ಜಿದಾರನ ಅನುಕೂಲ ಬೇರೆ, ಊರಿನ ಹಿತ ಬೇರೆ. ಈ ಬದಲಾವಣೆಯಿಂದ ಊರಿಗೆ ಏನು ಒಳಿತು ಎಂಬುದನ್ನು ಕಡತದಲ್ಲಿ ಎಲ್ಲಿ ದಾಖಲಿಸಲಾಗಿದೆ ಎಂದು ಆಕ್ಷೇಪಣೆಯಲ್ಲಿ ಕೇಳಬಹುದು, ಕೇಳಬೇಕು.

ಪ್ರಾಧಿಕಾರ ತಾನೇ ಬಡಾವಣೆ ಮಾಡಲು ಹೊರಟಾಗ 1987ರ ಕಾಯ್ದೆ ಅನ್ವಯಿಸುತ್ತದೆ. ಯೋಜನೆಯನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಜಮೀನಿನ ಮಾಲೀಕರಿಗೆ ನೋಟಿಸು ಕೊಟ್ಟು, 30 ದಿನಗಳಲ್ಲಿ ಆಕ್ಷೇಪಣೆ ಕೇಳಿ, ಅವನ್ನು ಪರಿಗಣಿಸಿದ ನಂತರವೇ ಸರ್ಕಾರದ ಮಂಜೂರಾತಿಗೆ ಹೋಗಬೇಕು. ಐದು ವರ್ಷಗಳಲ್ಲಿ ಬಹುಮಟ್ಟಿಗೆ ಕಾರ್ಯಗತವಾಗದ ಯೋಜನೆ ರದ್ದಾಗುತ್ತದೆ ಎಂಬ ಗಡುವೂ ಅಲ್ಲಿದೆ.

ನೆರೆಹೊರೆಯವರಿಗೆ ಪ್ರಶ್ನಿಸುವ ಹಕ್ಕೇ ಇಲ್ಲ ಎಂಬ ವಾದವನ್ನು ಇಂದಿಗೂ ಕೇಳುತ್ತೇವೆ. ಆ ವಾದಕ್ಕೆ ಸುಪ್ರೀಂ ಕೋರ್ಟು 1991ರಲ್ಲೇ ಉತ್ತರ ಕೊಟ್ಟಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದೇ ಹೆಸರಾದ ಆ ತೀರ್ಪಿನಲ್ಲಿ ನ್ಯಾಯಾಲಯವು ಆ ಹಂಚಿಕೆಯನ್ನು ಒಪ್ಪಲಿಲ್ಲ, ಮತ್ತು ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿತು. ನಾಗರಿಕ ಸೌಲಭ್ಯದ ನಿವೇಶನಗಳ ವಿಷಯದಲ್ಲಿ ನಮ್ಮ ವಿದ್ಯಾನಗರದವರಿಗಾಗಲಿ ನಿಜಲಿಂಗಪ್ಪ ಬಡಾವಣೆಯವರಿಗಾಗಲಿ ಎಂದಾದರೂ ಸಂಶಯ ಬಂದರೆ ಓದಬೇಕಾದ ತೀರ್ಪು ಅದು.

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟರೆ ಪರಿಶೀಲನೆಯ ಸ್ವರೂಪವೂ ಬದಲಾಗುತ್ತದೆ. ಅಲ್ಲಿ ಸೈಟಿಗಿಂತ ಗಣಿಯ ಮಾತು ಹೆಚ್ಚು. ಭೀಮಸಮುದ್ರದ ಸುತ್ತ ಒಂದೆಡೆ ಕಬ್ಬಿಣದ ಅದಿರು, ಒಂದೆಡೆ ಅಡಿಕೆ ತೋಟ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. 2013ರ ಏಪ್ರಿಲಿನ ತೀರ್ಪಿನ ನಂತರ ಮಿತಿ ಹಾಕಿ ಮತ್ತೆ ಅವಕಾಶ ಕೊಟ್ಟಾಗ ಎರಡೂ ಜಿಲ್ಲೆಗಳಿಗೆ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಇತ್ತು. ಇಂಥ ಯೋಜನೆಗಳನ್ನು ತೂಗುವುದು ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ. ದೊಡ್ಡವು ಕೇಂದ್ರದ ತಜ್ಞರ ಸಮಿತಿಗೂ ಉಳಿದವು ರಾಜ್ಯದ ಸಮಿತಿಗೂ ಹೋಗುತ್ತವೆ. ಅದಕ್ಕೆ ಮುನ್ನ ಯೋಜನೆ ಬರುವ ಜಾಗದಲ್ಲಿ ಅಥವಾ ಅದರ ಸಮೀಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಕರಡು ವರದಿಯ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಲ್ಲಿ ಇಡಬೇಕು, ಅದರ ಸಾರಾಂಶ ಕನ್ನಡದಲ್ಲಿಯೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಜೊತೆಗಿರುತ್ತಾರೆ. ಕೋರಂ ಎಂಬುದಿಲ್ಲ, ಹತ್ತು ಜನ ಬಂದರೂ ಸಭೆ ಸಭೆಯೇ. ಇಡೀ ಕಲಾಪದ ವಿಡಿಯೋ ಚಿತ್ರೀಕರಣ ಆಗಬೇಕು. ಕೊನೆಯಲ್ಲಿ, ಜನರು ಎತ್ತಿದ ವಿಷಯಗಳನ್ನೂ ಯೋಜನೆಯವರು ಕೊಟ್ಟ ಉತ್ತರಗಳನ್ನೂ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ ಸಹಿ ಮಾಡಬೇಕು.

ಅಂಥ ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಮುಂಜಾನೆಯಿಂದ ಪರ ವಿರೋಧದ ಘೋಷಣೆಗಳು, ಕೆಲಸ ಕೊಡಿ ಎನ್ನುವವರು, ದೂಳಿನಿಂದ ಅಡಿಕೆ ಹಿಂಗಾರ ಉದುರುತ್ತಿದೆ ಎನ್ನುವವರು, ಕಂಪನಿಯವರು ಕಟ್ಟಿದ ಶಾಲಾ ಕೊಠಡಿಯನ್ನು ಹೊಗಳುವವರು ಎಲ್ಲರೂ ಮಾತನಾಡಿದರು. ಊಟದ ಹೊತ್ತಿಗೆ ಒಬ್ಬ ಹಿರಿಯ ರೈತರು ಮೈಕು ಕೇಳಿ ಪಡೆದರು. "ಸಾಹೇಬ್ರೆ, ನಿಮ್ಮ ಪುಸ್ತಕದಾಗೆ ಗಣಿ ಐತಿ, ಗಿಡ ಐತಿ, ಗಾಳಿ ಐತಿ. ಲಾರಿ ಯಾವ ದಾರಿಗೆ ಹೋಗ್ತಾವೆ ಅಂಬೋದು ಎಲ್ಲೈತಿ ತೋರ್ಸ್ರಿ" ಎಂದರು. ವೇದಿಕೆಯ ಮೇಲೆ ಪುಟಗಳನ್ನು ಮಗುಚುವ ಸದ್ದು ಕೆಲವು ನಿಮಿಷ ನಡೆಯಿತು. ಗಣಿಯ ಗಡಿಯೊಳಗಿನ ದಾರಿ ವರದಿಯಲ್ಲಿತ್ತು, ಗಡಿಯ ಆಚೆ ಊರಿನ ನಡುವೆ ಹಾಯುವ ದಾರಿಯ ವಿವರ ಇರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಗಳು ಅದನ್ನು ನಡಾವಳಿಯಲ್ಲಿ ಪ್ರತ್ಯೇಕ ವಿಷಯವಾಗಿ ಬರೆಸಿದರು. ಬೆಳಗಿನಿಂದ ನಡೆದ ಎಲ್ಲ ಭಾಷಣಗಳಿಗಿಂತ ತಜ್ಞರ ಸಮಿತಿಯ ಮುಂದೆ ಹೆಚ್ಚು ತೂಕ ಪಡೆಯುವ ಮಾತು ಅದೊಂದೇ ಎಂದು ನನಗೆ ಆಗಲೇ ಅನ್ನಿಸಿತು. ಏಕೆಂದರೆ ಅಹವಾಲು ಸಭೆ ಮತದಾನವಲ್ಲ. ಎಷ್ಟು ಜನ ಬೇಡವೆಂದರು ಎಂಬ ಎಣಿಕೆಯ ಮೇಲೆ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಎತ್ತಿದ ಪ್ರತಿ ಮುಖ್ಯ ಪ್ರಶ್ನೆಗೂ ಅಂತಿಮ ವರದಿಯಲ್ಲಿ ಯೋಜನೆಯವರು ಉತ್ತರ ಬರೆಯಬೇಕಾಗುತ್ತದೆ, ಸಮಿತಿ ಆ ಉತ್ತರಗಳನ್ನು ನೋಡಿಯೇ ಶಿಫಾರಸು ಮಾಡಬೇಕಾಗುತ್ತದೆ. ಅನುಮತಿ ಸಿಕ್ಕ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು ಇರುವುದು 30 ದಿನ, ಸಕಾರಣವಿದ್ದರೆ ಇನ್ನೂ 60 ದಿನ. ಆ ಮೇಲ್ಮನವಿಯ ಬಲವೂ ಸಭೆಯ ನಡಾವಳಿಯಲ್ಲಿ ಏನು ದಾಖಲಾಗಿದೆ ಎಂಬುದರ ಮೇಲೆ ಬಹಳಮಟ್ಟಿಗೆ ನಿಂತಿರುತ್ತದೆ.

ಇಷ್ಟು ವಿವರವಾದ ಅಧಿಸೂಚನೆಯಲ್ಲಿಯೂ ವಿನಾಯಿತಿಗಳಿವೆ. ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಪರಿಸರ ಅನುಮತಿ ಬೇಕಾದಾಗಲೂ ಅಹವಾಲು ಸಭೆ ಬೇಕಿಲ್ಲ. ದೇಶದ ರಕ್ಷಣೆ, ಭದ್ರತೆಗೆ ಸಂಬಂಧಿಸಿದವಕ್ಕೂ ಬೇಕಿಲ್ಲ. ಈ ಎರಡನೆಯ ವಿನಾಯಿತಿಯ ಅರ್ಥ ಏನೆಂಬುದನ್ನು ಚಳ್ಳಕೆರೆ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯ ಕಾಲದಿಂದ ಅಮೃತಮಹಲ್ ತಳಿಯ ದನಗಳ ಮೇವಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಲ್ಲಿ, ಅಂದರೆ ಕಾವಲುಗಳಲ್ಲಿ, 2010ರ ಆಸುಪಾಸಿನಲ್ಲಿ, ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸುತ್ತ ಸಾವಿರಾರು ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕ ಕುದಾಪುರದ ಜಾಗವೇ 1,500 ಎಕರೆ. ಆ ಹುಲ್ಲುಗಾವಲನ್ನು ನಂಬಿ ಕುರಿ ಸಾಕುತ್ತಿದ್ದವರು, ಕಂಬಳಿ ನೇಯುತ್ತಿದ್ದವರು ಬೇಲಿ ಎದ್ದ ಮೇಲೆ ಪ್ರಶ್ನೆ ಕೇಳಬೇಕಾಯಿತು, ವಿವಾದ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದವರೆಗೂ ಹೋಯಿತು. ವಿಜ್ಞಾನ ಸಂಸ್ಥೆಗಳು ಚಳ್ಳಕೆರೆಗೆ ಬಂದದ್ದು ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಮೇವಿನ ದಾರಿ ಎಲ್ಲಿ, ಕುರಿ ನೀರು ಕುಡಿಯುವ ಕಟ್ಟೆ ಎಲ್ಲಿ ಎಂಬುದನ್ನು ಮೊದಲೇ ಕೇಳಿದ್ದರೆ ಬೇಲಿಯ ಗೆರೆಯನ್ನು ಬೇರೆ ರೀತಿಯಲ್ಲಿ ಎಳೆಯಬಹುದಿತ್ತು. ಗೌಪ್ಯತೆಯ ಅಗತ್ಯವಿರುವುದು ಬೇಲಿಯ ಒಳಗಿನ ಕೆಲಸಕ್ಕೆ. ಬೇಲಿ ಎಲ್ಲಿ ಬರುತ್ತದೆ ಎಂಬುದು ಊರಿಗೆಲ್ಲ ಕಾಣುವ ಸಂಗತಿ, ಅದರ ಬಗ್ಗೆ ಊರಿನವರೊಡನೆ ಮಾತನಾಡದಿರಲು ನನಗೆ ಕಾರಣ ತೋರುವುದಿಲ್ಲ.

ಇದಕ್ಕೆ ತಿರುವುಮುರುವಾದ ಅನುಭವವೂ ನಮಗಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬರುವುದಕ್ಕೆ ಮೊದಲು, ನಿಮ್ಮ ಊರು ಹೇಗಿರಬೇಕು ಎಂದು ಜನರನ್ನು ಕೇಳಲಾಗಿತ್ತು, ಏಕೆಂದರೆ ಆಯ್ಕೆಯ ಸ್ಪರ್ಧೆಯಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯೂ ಒಂದು ಅಂಶವಾಗಿತ್ತು. ಒಳ್ಳೆಯ ರಸ್ತೆ ಬೇಕು, ದಿನವೂ ನೀರು ಬೇಕು, ಮಂಡಕ್ಕಿ ಭಟ್ಟಿಗಳ ಹೊಗೆ ತಗ್ಗಬೇಕು ಎಂಬುದಕ್ಕೆ ಬೇಡ ಎನ್ನುವವರು ಯಾರು? ಭಟ್ಟಿ ಎಲ್ಲಿಗೆ ಹೋಗಬೇಕು, ಯಾವ ಉರುವಲಿನಿಂದ ಉರಿಯಬೇಕು, ಆ ಖರ್ಚು ಯಾರದು ಎಂಬ ಮಟ್ಟಕ್ಕೆ ಪ್ರಶ್ನೆ ಇಳಿದಾಗಲೇ ಭಟ್ಟಿಯವರಿಗೆ ಹೇಳಲು ಏನಾದರೂ ಇರುತ್ತದೆ. ಆಸೆಯನ್ನು ಕೇಳುವಾಗ ಎಲ್ಲರನ್ನೂ ಕೇಳಿ, ವಿನ್ಯಾಸವನ್ನು ಮಾಡುವಾಗ ಯಾರಿಗೂ ತೋರಿಸದಿರುವುದು ಸಹಭಾಗಿತ್ವದ ಅರ್ಧ ಮಾತ್ರ.

ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿ ತೋರುವುದು ಇನ್ನೊಂದು. 13ನೇ ಕಲಂ ಅಭಿಪ್ರಾಯಗಳನ್ನು ಪರಿಗಣಿಸಬೇಕು ಎನ್ನುತ್ತದೆ, ಪರಿಗಣಿಸಿ ಏನು ತೀರ್ಮಾನಿಸಿದೆವು ಎಂದು ಬರೆದವರಿಗೆ ತಿಳಿಸಬೇಕು ಎನ್ನುವುದಿಲ್ಲ. ಅರ್ಜಿ ಕೊಟ್ಟವರ ಕೈಯಲ್ಲಿ ಉಳಿಯುವುದು ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿಯೊಂದೇ. ಒಮ್ಮೆ ಉತ್ತರ ಸಿಗದವರು ಮುಂದಿನ ಬಾರಿ ಬರೆಯುವುದಿಲ್ಲ. ಆಗ ಆಕ್ಷೇಪಣೆ ಬಂದಿಲ್ಲ ಎಂಬ ಸಾಲು ಕಡತಕ್ಕೆ ನಿರಾಯಾಸವಾಗಿ ಸೇರುತ್ತದೆ. ಬಂದ ಅಭಿಪ್ರಾಯ, ಪ್ರಾಧಿಕಾರದ ಶಿಫಾರಸು, ಅದಕ್ಕೆ ಕಾರಣ ಎಂಬ ಮೂರು ಕಾಲಂಗಳ ಒಂದು ಪಟ್ಟಿಯನ್ನು ಅಂತಿಮ ಯೋಜನೆಯೊಂದಿಗೆ ಪ್ರಕಟಿಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ, ಆಡಳಿತಾತ್ಮಕ ತೀರ್ಮಾನಗಳ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ತಾನಾಗಿಯೇ ತಿಳಿಸಬೇಕೆಂದು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರಕ್ಕೂ ಈಗಾಗಲೇ ಹೇಳಿದೆ.

ತಾನಾಗಿ ತಿಳಿಸದಿದ್ದರೆ ಕೇಳಿ ಪಡೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಂಥ ದಿನಾಂಕದಂದು ಇಂಥ ಸ್ವೀಕೃತಿ ಸಂಖ್ಯೆಯಲ್ಲಿ ಸಲ್ಲಿಸಿದ ನನ್ನ ಆಕ್ಷೇಪಣೆಯನ್ನು ಚರ್ಚಿಸಿದ ಸಭೆಯ ನಡಾವಳಿಯ ಪುಟ, ಅದರ ಮೇಲೆ ನಗರ ಯೋಜಕರು ಬರೆದ ಟಿಪ್ಪಣಿ, ಸ್ಥಳ ತನಿಖೆ ಆಗಿದ್ದರೆ ಅದರ ವರದಿ, ಸರ್ಕಾರಕ್ಕೆ ಕಳುಹಿಸಿದ ಶಿಫಾರಸಿನ ಪ್ರತಿ ಎಂದು ಕೇಳಿದರೆ ನಾಲ್ಕೂ ಒಂದೇ ವಿಷಯದ ವ್ಯಾಪ್ತಿಗೆ ಬರುತ್ತವೆ, ಪದಗಳೂ ಮಿತಿಯೊಳಗೇ ಉಳಿಯುತ್ತವೆ. ಅದಕ್ಕಾಗಿ ಆಕ್ಷೇಪಣೆ ಕೊಡುವ ದಿನವೇ ಸ್ವೀಕೃತಿ ಸಂಖ್ಯೆಯನ್ನು ನಿಮ್ಮ ಪ್ರತಿಯ ಮೇಲೆ ಬರೆಸಿಕೊಳ್ಳಿ. ಬರೀ ಮೊಹರು ಒತ್ತಿದ ಪ್ರತಿ ಸಾಲದು.